ಐ7 ಅಂತ ಸ್ಟಿಕ್ಕರ್ ಇದ್ದರೆ ಸಾಕಾ? ಐವತ್ತು ಸಾವಿರದ ಗೇಮಿಂಗ್ ಪಿಸಿಯ ಒಳಗಿನ ಲೆಕ್ಕ

2025ರ ಆಗಸ್ಟ್‌ನ ಒಂದು ರಾತ್ರಿ ಹತ್ತೂವರೆಗೆ ಅಕ್ಕನ ಮಗ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದ. ಕಂಪ್ಯೂಟರ್ ಪರದೆ ಮೇಲೆ ಒಂದು ಚೌಕ, ಅದರೊಳಗೆ 'ವ್ಯಾನ್ 9001' ಅನ್ನೋ ಎರರ್. ಕೆಳಗೆ ಒಂದೇ ಸಾಲು: "ಮಾಮ, ಇದೇನು? ಅಪ್ಪಂಗೆ ಹೇಳ್ಬೇಡ."

ಹುಡುಗ ಸೆಕೆಂಡ್ ಪಿಯುಸಿ ಮುಗಿಸಿದ್ದ. ಹರಿಹರದ ಹತ್ತಿರದ ಹಳ್ಳಿ. ಭಾವ ಮೆಕ್ಕೆಜೋಳ ಮಾರಿದ ದುಡ್ಡಲ್ಲಿ 22 ಸಾವಿರ ಕೊಟ್ಟು ಆನ್‌ಲೈನ್‌ನಲ್ಲಿ ಒಂದು 'ಗೇಮಿಂಗ್ ಪಿಸಿ' ತರಿಸಿಕೊಟ್ಟಿದ್ದರು. ಜಾಹೀರಾತಿನಲ್ಲಿ ಇದ್ದದ್ದು: ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್, ವಿಂಡೋಸ್ 11, ಬಣ್ಣಬಣ್ಣದ ಲೈಟಿನ ಕ್ಯಾಬಿನೆಟ್, 22 ಇಂಚಿನ ಮಾನಿಟರ್. ಬಂದ ಪೆಟ್ಟಿಗೆಯಲ್ಲಿ ಅಷ್ಟೂ ಇತ್ತು. ಬರೆದಿದ್ದರಲ್ಲಿ ಒಂದೂ ಸುಳ್ಳಲ್ಲ. ಆದರೂ ಅವನು ಯಾವ ಆಟಕ್ಕೋಸ್ಕರ ಅದನ್ನು ಕೊಂಡನೋ ಆ ವ್ಯಾಲರಂಟ್ ತೆರೆಯಲೇ ಇಲ್ಲ.

ಕಾರಣ ಇಷ್ಟು. ಆ ಐ7 ಮೂರನೇ ತಲೆಮಾರಿನದು, ಅಂದರೆ 2012ರಲ್ಲಿ ಮಾರುಕಟ್ಟೆಗೆ ಬಂದದ್ದು. ವಿಂಡೋಸ್ 11 ಅಧಿಕೃತವಾಗಿ ಕೇಳೋದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ್ದು, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್. ಮಾರಿದವರು ಆ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿ ಕಳಿಸಿದ್ದಾರೆ. ವಿಂಡೋಸ್ ಸುಮ್ಮನಿತ್ತು. ಆದರೆ ವ್ಯಾಲರಂಟ್‌ನ ಕಾವಲುಗಾರ ತಂತ್ರಾಂಶ ವ್ಯಾನ್‌ಗಾರ್ಡ್ ಸುಮ್ಮನಿರಲ್ಲ. ವಿಂಡೋಸ್ 11 ಇದ್ದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಇರಲೇಬೇಕು ಅನ್ನುತ್ತೆ. ವಿಂಡೋಸ್ 10ಕ್ಕೆ ವಾಪಸ್ ಹೋದರೆ ಆಟ ಹೇಗೋ ನಡೆಯುತ್ತಿತ್ತು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸೋದು ಆಗಲೇ ಗೊತ್ತಿತ್ತು. ಎರಡು ತಿಂಗಳ ಆಯಸ್ಸಿನ ದಾರಿ.

ಇಂಥ ಪೆಟ್ಟಿಗೆಗಳು ಊರೂರಿಗೆ ಹೋಗ್ತಿವೆ. ಅವು ಮಾರಾಟ ಆಗೋದು ನಾಲ್ಕೇ ನಾಲ್ಕು ಮಾತಿನ ಮೇಲೆ: ಐ7, 16 ಜಿಬಿ, 4 ಜಿಬಿ, 450 ವ್ಯಾಟ್. ಯಂತ್ರದ ನಿಜವಾದ ಬೆಲೆ ಇರೋದು ಪೆಟ್ಟಿಗೆ ಮೇಲೆ ಬರೆಯದ ಇನ್ನೊಂದಿಷ್ಟು ಅಂಕಿಗಳಲ್ಲಿ. ಆ ಅಂಕಿಗಳನ್ನು ಕೇಳೋದು ಕಲಿತರೆ ಅರ್ಧ ಕೆಲಸ ಮುಗೀತು. ಮುಂದಿನ ಆರು ತಿಂಗಳಲ್ಲಿ ನಾನೂ ಅವನೂ ಸೇರಿ ಮಾಡಿದ್ದು ಅದನ್ನೇ.

ಹೆಸರು ಒಂದೇ, ಒಳಗೆ ಬೇರೆ

ಮೊದಲು ಆ '4 ಜಿಬಿ ಗ್ರಾಫಿಕ್ಸ್ ಕಾರ್ಡ್' ವಿಷಯ. ಅದು ಜಿಟಿ 730. 2014ರ ಕಾರ್ಡ್, ಆ ಕಾಲಕ್ಕೂ ಅದು ಆಟಕ್ಕೆ ಅಂತ ಮಾಡಿದ್ದಲ್ಲ, ಇನ್ನೊಂದು ಪರದೆ ಜೋಡಿಸೋಕೆ, ವಿಡಿಯೊ ನೋಡೋಕೆ ಮಾಡಿದ್ದು. ಅದಕ್ಕೆ 4 ಜಿಬಿ ಮೆಮೊರಿ ಇದೆ ನಿಜ. ಆದರೆ ಮನೆ ಮೇಲೆ ಸಾವಿರ ಲೀಟರ್ ಟ್ಯಾಂಕ್ ಇಟ್ಟು ಕೆಳಗೆ ಅರ್ಧ ಇಂಚಿನ ಪೈಪ್ ಹಾಕಿದರೆ ಬಚ್ಚಲಲ್ಲಿ ನೀರು ಎಷ್ಟು ಬರುತ್ತೆ? ಡಿಡಿಆರ್3 ಮೆಮೊರಿಯ ಜಿಟಿ 730ರಲ್ಲಿ ಸೆಕೆಂಡಿಗೆ ಸುಮಾರು 14 ಜಿಬಿ ದತ್ತಾಂಶ ಹರಿಯುತ್ತೆ. ನಾವು ಆಮೇಲೆ ಕೊಂಡ ಆರ್‌ಎಕ್ಸ್ 6600ರಲ್ಲಿ 224 ಜಿಬಿ. ಟ್ಯಾಂಕಿನ ಅಳತೆ ಹೇಳಿ ಮಾರುವವರು ಪೈಪಿನ ಅಳತೆ ಹೇಳಲ್ಲ.

ಇದು ಆನ್‌ಲೈನ್‌ನ ಸಣ್ಣಪುಟ್ಟ ಅಂಗಡಿಯವರ ಚಾಲಾಕಿತನ ಮಾತ್ರ ಅಂದುಕೊಂಡರೆ ತಪ್ಪು. ದೊಡ್ಡ ಕಂಪನಿಗಳೇ ಈ ದಾರಿ ತೋರಿಸಿಕೊಟ್ಟಿವೆ. ಎನ್‌ವಿಡಿಯಾ 2017ರಲ್ಲಿ ಜಿಟಿ 1030 ಬಿಡುಗಡೆ ಮಾಡಿತು, ಜಿಡಿಡಿಆರ್5 ಮೆಮೊರಿಯೊಂದಿಗೆ. ಮರುವರ್ಷ ಅದೇ ಹೆಸರಲ್ಲಿ ಡಿಡಿಆರ್4 ಹಾಕಿದ ಇನ್ನೊಂದು ಬಂತು. ಅದರ ಮೆಮೊರಿಯ ವೇಗ ಮೊದಲಿನದರ ಸುಮಾರು ಮೂರನೇ ಒಂದರಷ್ಟು. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಎರಡಕ್ಕೂ ಜಿಟಿ 1030. ಆರ್‌ಟಿಎಕ್ಸ್ 3050 ಕೂಡ ಹಾಗೆಯೇ. 2022ರ 8 ಜಿಬಿಯದು ಒಂದು, 2024ರ 6 ಜಿಬಿಯದು ಇನ್ನೊಂದು. ಎರಡು ಜಿಬಿ ಮೆಮೊರಿ ಮಾತ್ರ ಕಡಿಮೆ ಅಂತ ಯಾರಾದರೂ ತಿಳಿದುಕೊಳ್ಳಬಹುದು. ಒಳಗಿನ ಕೋರ್‌ಗಳೇ 2560ರಿಂದ 2304ಕ್ಕೆ ಇಳಿದಿವೆ, ಮೆಮೊರಿಯ ದಾರಿಯೂ ಕಿರಿದಾಗಿದೆ. ಎಎಂಡಿ ಕಡೆಯಲ್ಲಿ ಆರ್‌ಎಕ್ಸ್ 580 ಅಂತ ಅಗ್ಗಕ್ಕೆ ಸಿಗುವ ಎಷ್ಟೋ ಕಾರ್ಡ್‌ಗಳು ಅಸಲಿಗೆ '2048 ಎಸ್‌ಪಿ' ಅನ್ನುವ ಬಾಲ ಇರುವಂಥವು. ಪೂರ್ತಿ ಆರ್‌ಎಕ್ಸ್ 580ರಲ್ಲಿ 2304 ಇರಬೇಕು. ಬಾಲದ ಆ ನಾಲ್ಕು ಅಂಕಿ ಜಾಹೀರಾತಲ್ಲಿ ಕಾಣಿಸಲ್ಲ.

ಹಾಗಂತ 6 ಜಿಬಿಯ 3050 ಕೆಟ್ಟ ಕಾರ್ಡ್ ಅಲ್ಲ. ಅದು ಬರೀ 70 ವ್ಯಾಟ್ ತಗೊಳ್ಳುತ್ತೆ, ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಎಳೆಯಬೇಕಿಲ್ಲ. ಆಫೀಸಿನ ಸೆಕೆಂಡ್ ಹ್ಯಾಂಡ್ ಬ್ರ್ಯಾಂಡೆಡ್ ಕಂಪ್ಯೂಟರ್ ಇರುವವರಿಗೆ ಅದು ವರ. ಏನು ಕೊಳ್ತಿದೀರಿ ಅಂತ ತಿಳಿದು ಕೊಂಡರೆ ಆಯಿತು.

ಐ7 ಕಥೆಯೂ ಇಷ್ಟೇ. ಐ3, ಐ5, ಐ7 ಅನ್ನೋದು ಒಂದು ತಲೆಮಾರಿನ ಒಳಗಿನ ದರ್ಜೆ, ಅಣ್ಣ ತಮ್ಮಂದಿರ ಲೆಕ್ಕ. ಬೇರೆ ಬೇರೆ ತಲೆಮಾರನ್ನು ಆ ಅಂಕಿಯಲ್ಲಿ ತೂಗೋಕೆ ಆಗಲ್ಲ. 2012ರ ಐ7-3770 ನಾಲ್ಕು ಕೋರ್, ಎಂಟು ಥ್ರೆಡ್. 2022ರ ಐ3-12100ಎಫ್ ಕೂಡ ನಾಲ್ಕು ಕೋರ್, ಎಂಟು ಥ್ರೆಡ್. ಆಟದಲ್ಲಿ ಈ ಐ3 ಆ ಐ7 ಅನ್ನು ಲೀಲಾಜಾಲವಾಗಿ ಹಿಂದಿಕ್ಕುತ್ತೆ. ಆದ್ದರಿಂದ ಅಂಗಡಿಯಲ್ಲಿ "ಐ7 ಇದೆಯಾ" ಅಂತ ಕೇಳಬೇಡಿ. "ಎಷ್ಟನೇ ಜನರೇಷನ್, ಪೂರ್ತಿ ಮಾಡೆಲ್ ನಂಬರ್ ಏನು" ಅಂತ ಕೇಳಿ. ಉತ್ತರ ಕೊಡೋಕೆ ತಡವರಿಸಿದರೆ ಆ ಅಂಗಡಿ ಬಿಟ್ಟುಬಿಡಿ.

ಎಲ್ಲಿಂದ ಶುರು ಮಾಡಬೇಕು

ಭಾವನಿಗೆ ವಿಷಯ ತಿಳಿಯೋಕೆ ಬಹಳ ದಿನ ಬೇಕಾಗಲಿಲ್ಲ. ಬೈದರು, ಆಮೇಲೆ ಸುಮ್ಮನಾದರು. ಹುಡುಗ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಡಿಸೆಂಬರ್ ಹೊತ್ತಿಗೆ ಅವನದ್ದು, ಅಕ್ಕನದ್ದು, ನನ್ನದು ಸೇರಿ ಐವತ್ತು ಸಾವಿರ ಆಯಿತು. "ಆಟ ಆಡೋಕೆ ಇಷ್ಟು ದುಡ್ಡಾ?" ಅಂತ ಭಾವ ಕೇಳಿದಾಗ ಅವನು "ಓದೋಕೂ ಬೇಕು, ಕೋಡಿಂಗ್ ಕಲಿಯೋಕೂ ಬೇಕು" ಅಂದ. ನನಗೆ ಆ ಮಾತು ಅಷ್ಟು ಹಿಡಿಸಲಿಲ್ಲ. ಓದೋಕೆ ಇದರ ಅರ್ಧ ಬೆಲೆಯ ಯಂತ್ರ ಸಾಕು. ಆಟಕ್ಕೆ ಬೇಕು ಅನ್ನೋದನ್ನ ನೇರವಾಗಿ ಹೇಳಿದರೆ ಮಾತ್ರ ಸರಿಯಾದ ಭಾಗ ಆರಿಸೋಕೆ ಆಗೋದು.

ಆರಿಸುವ ಕ್ರಮ ಬಹಳ ಜನ ತಿಳಿದಿರೋದಕ್ಕೆ ಉಲ್ಟಾ. ಪ್ರೊಸೆಸರ್‌ನಿಂದ ಶುರು ಮಾಡಬೇಡಿ, ಪರದೆಯಿಂದ ಶುರು ಮಾಡಿ. ನಿಮ್ಮ ಮಾನಿಟರ್ 1080ಪಿ ಆಗಿದ್ದರೆ, ಅಂದರೆ ಅಡ್ಡಕ್ಕೆ 1920 ಉದ್ದಕ್ಕೆ 1080 ಚುಕ್ಕಿಗಳಿದ್ದರೆ, ಗ್ರಾಫಿಕ್ಸ್ ಕಾರ್ಡ್ ಅಷ್ಟನ್ನೇ ಬಿಡಿಸಬೇಕು. 1440ಪಿ ಆದರೆ ಕೆಲಸ ಒಂದೂ ಮುಕ್ಕಾಲು ಪಟ್ಟು, 4ಕೆ ಆದರೆ ನಾಲ್ಕು ಪಟ್ಟು. ನಮ್ಮ ಹುಡುಗನ ಹಳೇ ಪೆಟ್ಟಿಗೆಯಲ್ಲಿ ಕೆಲಸಕ್ಕೆ ಬರುವ ಒಂದೇ ವಸ್ತು ಅಂದರೆ ಆ 22 ಇಂಚಿನ 1080ಪಿ ಮಾನಿಟರ್. ಅದನ್ನು ಉಳಿಸಿಕೊಂಡೆವು. ಗುರಿ ಅಲ್ಲೇ ನಿಗದಿಯಾಯಿತು.

ಎರಡನೆಯದು, ಯಾವ ಆಟ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2ರಂಥವು ಪ್ರೊಸೆಸರ್ ಮೇಲೆ ಹೆಚ್ಚು ಭಾರ ಹಾಕುತ್ತವೆ. ಸೈಬರ್‌ಪಂಕ್ 2077ರಂಥ ದೊಡ್ಡ ಕಥೆಯ ಆಟಗಳು ಗ್ರಾಫಿಕ್ಸ್ ಕಾರ್ಡನ್ನು ಹಿಂಡುತ್ತವೆ. ಎರಡೂ ಬೇಕು ಅನ್ನುವವರೇ ಜಾಸ್ತಿ. ಹಾಗಾದರೆ ಒಟ್ಟು ದುಡ್ಡಿನ ಹೆಚ್ಚುಕಡಿಮೆ ನೂರಕ್ಕೆ ನಲವತ್ತು ಕಾರ್ಡ್‌ಗೆ ಎತ್ತಿಡಿ, ಉಳಿದದ್ದರಲ್ಲಿ ಮಿಕ್ಕವು. ನಮಗೆ ಅದು ಇಪ್ಪತ್ತು ಸಾವಿರ. ಆ ಬೆಲೆಯ ಆಸುಪಾಸಲ್ಲಿ ಆರ್‌ಎಕ್ಸ್ 6600 ಸಿಕ್ಕಿತು. 2021ರ ಕಾರ್ಡ್, 8 ಜಿಬಿ, 132 ವ್ಯಾಟ್. ಹೊಸದಲ್ಲ, ಆದರೆ 1080ಪಿಯಲ್ಲಿ ಇವತ್ತಿನ ಬಹುಪಾಲು ಆಟಗಳನ್ನು ಸೆಟ್ಟಿಂಗ್ ಸ್ವಲ್ಪ ಇಳಿಸಿ ಚೆನ್ನಾಗಿ ಆಡಿಸುತ್ತೆ. ಇನ್ನೊಂದು ಹತ್ತು ಸಾವಿರ ಇದ್ದಿದ್ದರೆ ಆರ್‌ಟಿಎಕ್ಸ್ 5060 ಅಥವಾ ಇಂಟೆಲ್‌ನ 12 ಜಿಬಿಯ ಆರ್ಕ್ ಬಿ580 ನೋಡುತ್ತಿದ್ದೆವು. ಈ ಇಂಟೆಲ್ ಕಾರ್ಡ್ ಹಳೇ ಪ್ರೊಸೆಸರ್ ಜೊತೆ ಸರಿಯಾಗಿ ದುಡಿಯಲ್ಲ, ರಿಸೈಜಬಲ್ ಬಾರ್ ಅನ್ನೋ ಸೌಲಭ್ಯ ಇರೋ ಬೋರ್ಡೇ ಬೇಕು. ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ ಎರಡರಲ್ಲೂ 8 ಜಿಬಿ, 16 ಜಿಬಿ ಅಂತ ಎರಡು ನಮೂನೆ ಇವೆ. ಅಷ್ಟು ದುಡ್ಡು ಹಾಕಿ ಐದು ವರ್ಷ ಓಡಿಸಬೇಕು ಅಂತಿದ್ದರೆ 8 ಜಿಬಿಗೆ ಹೋಗಬೇಡಿ ಅನ್ನೋದು ನನ್ನ ಮಾತು.

ಪ್ರೊಸೆಸರ್‌ಗೆ ಎರಡು ಒಳ್ಳೆ ಆಯ್ಕೆ ಇದ್ದವು. ಇಂಟೆಲ್ ಐ5-12400ಎಫ್, ಎಎಂಡಿ ರೈಝೆನ್ 5 5600. ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್. ಬೋರ್ಡಿನ ಬೆಲೆ ಸೇರಿಸಿ ಯಾವುದು ಅಗ್ಗವೋ ಅದನ್ನ ತಗೊಳ್ಳಿ, ತಲೆ ಕೆಡಿಸಿಕೊಳ್ಳಬೇಡಿ. ನಮಗೆ 5600 ಅಗ್ಗಕ್ಕೆ ಕುದುರಿತು. ಎರಡು ಎಚ್ಚರಿಕೆ ಮಾತ್ರ. ಇಂಟೆಲ್ ಹೆಸರಿನ ಕೊನೆಯ 'ಎಫ್' ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಕಾರ್ಡ್ ಕೆಟ್ಟರೆ ಪರದೆಯೂ ಕಪ್ಪು. 5600ಕ್ಕೂ ಇದೇ ಮಾತು. ಇನ್ನು ಹಳೇ ಬಿ450 ಬೋರ್ಡ್ ಕೊಂಡರೆ ಅದರ ಬಯಾಸ್ ಹಳೆಯದಾಗಿದ್ದು 5600 ಅನ್ನು ಗುರುತಿಸದೇ ಇರಬಹುದು. ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿ ತನ್ನಿ.

ಮೂವತ್ತು ಸಾವಿರಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ ಅನ್ನುವವರು ಸದ್ಯಕ್ಕೆ ಕಾರ್ಡ್ ಆಸೆ ಬಿಟ್ಟು ರೈಝೆನ್ 5 5600ಜಿ ನೋಡಬಹುದು. ಗ್ರಾಫಿಕ್ಸ್ ಅದರ ಒಳಗೇ ಇದೆ. ವ್ಯಾಲರಂಟ್‌ನಂಥ ಹಗುರ ಆಟಗಳಿಗೆ ಸಾಕು. ಆಮೇಲೆ ದುಡ್ಡಾದಾಗ ಕಾರ್ಡ್ ಹಾಕಬಹುದು. ಆದರೆ ಇದರ ಕ್ಯಾಶ್ ಮೆಮೊರಿ 5600ರ ಅರ್ಧ, 32 ಎಂಬಿ ಬದಲು 16 ಎಂಬಿ. ಹೀಗಾಗಿ ಕಾರ್ಡ್ ಹಾಕಿದ ಮೇಲೂ ಸ್ವಲ್ಪ ಹಿಂದೆಯೇ ಉಳಿಯುತ್ತೆ.

ರ‍್ಯಾಮ್ ಬೆಲೆ ಏರಿದ್ದು ಯಾಕೆ

ನಮ್ಮ ಲೆಕ್ಕ ತಪ್ಪಿದ್ದು ಇಲ್ಲೇ. ಆಗಸ್ಟ್‌ನಲ್ಲಿ ಬರೆದಿಟ್ಟ ಪಟ್ಟಿಯ ಬೆಲೆಗೆ ಡಿಸೆಂಬರ್‌ನಲ್ಲಿ ರ‍್ಯಾಮ್ ಸಿಗಲಿಲ್ಲ. ಎಸ್‌ಪಿ ರೋಡ್‌ನಲ್ಲಿ ಒಬ್ಬರನ್ನ ಕೇಳಿದರೆ "ಸರ್, ಬೆಳಗ್ಗೆ ಒಂದು ರೇಟು, ಸಂಜೆ ಒಂದು ರೇಟು, ಈಗ ಹೇಳಿದ್ದಕ್ಕೆ ಈಗಲೇ ತಗೊಳ್ಳಿ" ಅಂದರು. ಮೊದಲು ಇದು ವ್ಯಾಪಾರದ ಮಾತು ಅಂದುಕೊಂಡೆ. ಅಲ್ಲ. ಜಗತ್ತಿನ ರ‍್ಯಾಮ್ ಚಿಪ್‌ಗಳ ಬಹುಪಾಲು ತಯಾರಾಗೋದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಅನ್ನೋ ಮೂರು ಕಂಪನಿಗಳಲ್ಲಿ. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಕೇಳಿದ ಬೆಲೆಗೆ, ಸಗಟಾಗಿ ಎತ್ತಿಕೊಳ್ತಿವೆ. ಕಾರ್ಖಾನೆಗಳು ಲಾಭ ಜಾಸ್ತಿ ಇರುವ ಕಡೆಗೆ ತಿರುಗಿದವು. ಹಳೇ ಡಿಡಿಆರ್4 ತಯಾರಿಕೆಯನ್ನು ಕಡಿಮೆ ಮಾಡುತ್ತಾ ಬಂದದ್ದರಿಂದ ಅದರ ಬೆಲೆಯೂ ಏರಿತು. 2025ರ ಡಿಸೆಂಬರ್‌ನಲ್ಲಂತೂ ಮೈಕ್ರಾನ್, ಮನೆ ಬಳಕೆದಾರರಿಗೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ಕೆಲವೇ ತಿಂಗಳಲ್ಲಿ ರ‍್ಯಾಮ್ ಬೆಲೆ ಎರಡು ಪಟ್ಟನ್ನೂ ದಾಟಿತು. ಎಲ್ಲೋ ಯಾರೋ ಚಾಟ್‌ಬಾಟ್ ಕೇಳುವ ಪ್ರಶ್ನೆಗೆ ಹರಿಹರದ ಹುಡುಗ ತೆರಿಗೆ ಕಟ್ಟಿದ ಹಾಗೆ.

ಇದರಿಂದ ಒಂದು ನಿರ್ಧಾರ ತಾನಾಗಿ ಆಯಿತು. ಎಎಂಡಿಯ ಹೊಸ ವೇದಿಕೆ ಎಎಂ5ಗೆ ಡಿಡಿಆರ್5 ರ‍್ಯಾಮ್ ಮಾತ್ರ ಹಿಡಿಯುತ್ತೆ. ಅದಕ್ಕೆ ಮುಂದೆ ಹೊಸ ಪ್ರೊಸೆಸರ್‌ಗಳು ಬರ್ತವೆ, ದುಡ್ಡಿದ್ದವರಿಗೆ ಅದೇ ಸರಿ. ಐವತ್ತು ಸಾವಿರದ ಮಿತಿಯಲ್ಲಿ ಹಳೇ ಎಎಂ4 ಮತ್ತು ಡಿಡಿಆರ್4 ಸಾಕು. ಅದರಲ್ಲೂ ರ‍್ಯಾಮ್ ಸೆಕೆಂಡ್ ಹ್ಯಾಂಡ್ ತಗೊಂಡೆವು. ರ‍್ಯಾಮ್ ಸವೆಯುವ ವಸ್ತುವಲ್ಲ, ತಿರುಗುವ ಭಾಗ ಇಲ್ಲ. ಅಂಗಡಿಯಲ್ಲೇ ಮೆಮ್‌ಟೆಸ್ಟ್ ಓಡಿಸಿ ನೋಡಿ ತಂದರೆ ಭಯ ಕಡಿಮೆ. 16 ಜಿಬಿಯ ಒಂದು ಕಡ್ಡಿ ಬೇಡ, 8ರ ಎರಡು ಕಡ್ಡಿ ಹಾಕಿ. ದತ್ತಾಂಶ ಎರಡು ದಾರಿಯಲ್ಲಿ ಹರಿಯುತ್ತೆ, 5600ಜಿಯಂಥ ಚಿಪ್‌ಗಂತೂ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಅಂದಹಾಗೆ ಹಳೇ ಪೆಟ್ಟಿಗೆಯ 16 ಜಿಬಿ ಯಾಕೆ ಬಳಸಲಿಲ್ಲ ಅಂತ ಕೇಳಬಹುದು. ಅದು ಡಿಡಿಆರ್3. ಹೊಸ ಬೋರ್ಡಿನ ತೋಡಿಗೆ ಕೂರುವುದೇ ಇಲ್ಲ.

ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಬಹಳ ಜನ ಕೇಳ್ತಾರೆ. ಕೊಳ್ಳಬಹುದು, ಕಣ್ಣೆದುರೇ ಅರ್ಧ ಗಂಟೆ ಆಟ ಓಡಿಸಿ ತೋರಿಸುವವರಿಂದ, ವಾರಂಟಿ ಇನ್ನೂ ಉಳಿದಿದ್ದರೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ತನ್ನ ಪದ್ಧತಿ ಬದಲಿಸಿ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ನಾಣ್ಯ ತೆಗೆಯೋದು ನಿಂತ ಮೇಲೆ, ಹಗಲು ರಾತ್ರಿ ದುಡಿದ ರಾಶಿ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಎಲ್ಲವೂ ಸತ್ತ ಕಾರ್ಡ್‌ಗಳಲ್ಲ, ಆದರೆ ಫ್ಯಾನಿನ ಸದ್ದು ಕೇಳಿ ನೋಡಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಯಾವತ್ತೂ ಕೊಳ್ಳಬಾರದ್ದು ಒಂದೇ, ಎಸ್‌ಎಂಪಿಎಸ್.

ಯಾರೂ ನೋಡದ ಡಬ್ಬಿ

ಎಸ್‌ಎಂಪಿಎಸ್ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ದುಡ್ಡು ಉಳಿಸೋಕೆ ಎಲ್ಲರೂ ಕೈ ಹಾಕೋದು ಇದಕ್ಕೇ. ಸುಟ್ಟರೆ ಜೊತೆಯವರನ್ನೂ ಎಳೆದುಕೊಂಡು ಹೋಗೋದೂ ಇದೇ.

ಹಳೇ ಪೆಟ್ಟಿಗೆಯ ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 450 ಅಂತ ಇತ್ತು. ಅದರ ಪಕ್ಕ ಸಣ್ಣ ಅಕ್ಷರದ ಒಂದು ಕೋಷ್ಟಕ ಇರುತ್ತೆ. ಅದರಲ್ಲಿ 12 ವೋಲ್ಟ್ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣೋದು ಆ ಸಾಲಿನಿಂದಲೇ. ಅದರಲ್ಲಿ 16 ಇತ್ತು. ಹನ್ನೆರಡು ಹದಿನಾರ್ಲೆ ನೂರ ತೊಂಬತ್ತೆರಡು. ಅಂದರೆ ಕೆಲಸಕ್ಕೆ ಬರೋದು 192 ವ್ಯಾಟ್. ಆರ್‌ಎಕ್ಸ್ 6600ಕ್ಕೆ 132, ರೈಝೆನ್ 5600 ಜೋರಾಗಿ ದುಡಿಯುವಾಗ 76, ಒಟ್ಟು 208. 450ರ ಡಬ್ಬಿಗೆ ಇದೇ ಭಾರ ಜಾಸ್ತಿಯಾಯಿತು! ಇನ್ನೊಂದು ಸೂಚನೆ ಏನೆಂದರೆ, ಅಂಥ ಡಬ್ಬಿಯಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆ ಬೇಕಾದ ಎಂಟು ಪಿನ್ನಿನ ವೈರೇ ಇರಲ್ಲ. ಕೆಲವರು ಬೇರೆ ವೈರ್‌ಗೆ ಅಡಾಪ್ಟರ್ ಸಿಕ್ಕಿಸಿ ಕೊಡ್ತಾರೆ. ಬೇಡ ಅನ್ನಿ.

'80 ಪ್ಲಸ್ ಬ್ರಾಂಝ್' ಅನ್ನೋ ಗುರುತು ಇದ್ದರೆ ಒಳ್ಳೆಯದು, ಆದರೆ ಅದು ಕರೆಂಟ್ ಎಷ್ಟು ಪೋಲಾಗಲ್ಲ ಅನ್ನೋದರ ಪ್ರಮಾಣಪತ್ರ, ಸುರಕ್ಷತೆಯದ್ದಲ್ಲ. ಅದರ ಜೊತೆ ಐದು ವರ್ಷದ ವಾರಂಟಿ ಇದೆಯಾ ನೋಡಿ. ಐದು ವರ್ಷ ಹೊಣೆ ಹೊರುವ ಕಂಪನಿ ಒಳಗೆ ತೀರಾ ಕಳಪೆ ಸರಕು ತುಂಬಲ್ಲ. 550 ವ್ಯಾಟ್‌ನದ್ದು ನಮ್ಮಂಥ ಯಂತ್ರಕ್ಕೆ ಧಾರಾಳ. ಹಳ್ಳಿ ಕಡೆ ಇರುವವರು ಇದಕ್ಕೂ ಮೊದಲು ಗೋಡೆಯ ಮೂರು ಪಿನ್ನಿನ ಸಾಕೆಟ್‌ಗೆ ನಿಜವಾಗಿ ಅರ್ಥಿಂಗ್ ಇದೆಯಾ ಅಂತ ವೈರ್‌ಮ್ಯಾನ್ ಕರೆದು ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಂ ಅಂದರೆ ಇಲ್ಲ ಅಂತಲೇ ಅರ್ಥ. ಅಕ್ಕನ ಮನೆಯಲ್ಲಿ ಇರಲಿಲ್ಲ. ಅದನ್ನು ಮಾಡಿಸೋಕೆ ಆದ ಖರ್ಚನ್ನೂ ಪಿಸಿಯ ಖರ್ಚಿಗೇ ಸೇರಿಸಿದೆವು. 600 ವಿಎಯ ಸಾಮಾನ್ಯ ಯುಪಿಎಸ್ ಸುಮಾರು 360 ವ್ಯಾಟ್ ತಡೆಯುತ್ತೆ. ಅದು ಕರೆಂಟ್ ಹೋದಾಗ ಆಟ ಮುಂದುವರಿಸೋಕಲ್ಲ, ಸೇವ್ ಮಾಡಿ ಆಫ್ ಮಾಡೋಕೆ.

ಭಾವ ಕೇಳಿದ ಒಂದೇ ತಾಂತ್ರಿಕ ಪ್ರಶ್ನೆ ಕರೆಂಟ್ ಬಿಲ್‌ನದ್ದು. ಮಾನಿಟರ್ ಸೇರಿ 300 ವ್ಯಾಟ್ ಅಂತ ಹಿಡಿಯಿರಿ, ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 27 ಯುನಿಟ್. ಸಣ್ಣದು ಅನ್ನಿಸಬಹುದು. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಬಳಕೆಯ ಆಧಾರದ ಮೇಲೆ ಉಚಿತ ಯುನಿಟ್ ನಿಗದಿಯಾಗಿದೆ. ಅದನ್ನು ದಾಟಿದ ಯುನಿಟ್‌ಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ ಮೊದಲ ತಿಂಗಳು ಬಿಲ್ ಬಂದರೆ ಯಾರ ಕಡೆ ಬೆರಳು ತೋರಿಸ್ತಾರೆ ಅಂತ ಬೇರೆ ಹೇಳಬೇಕಿಲ್ಲ. ಹುಡುಗನಿಗೆ ಮೊದಲೇ ಹೇಳಿಟ್ಟೆ.

ಉಳಿದದ್ದು ಬೇಗ ಮುಗಿಸ್ತೇನೆ. ಹಾರ್ಡ್ ಡಿಸ್ಕ್ ಮೇಲೆ ಆಟ ಹಾಕುವ ಕಾಲ ಹೋಯಿತು. ಸೈಬರ್‌ಪಂಕ್ ಈಗ ಎಸ್‌ಎಸ್‌ಡಿ ಇರಲೇಬೇಕು ಅನ್ನುತ್ತೆ. ದೊಡ್ಡ ಆಟಗಳು ಒಂದೊಂದೂ ನೂರು ಜಿಬಿ ದಾಟುತ್ತವೆ, 500 ಜಿಬಿಯ ಎನ್‌ವಿಎಂಇ ಕನಿಷ್ಠ. ಕ್ಯಾಬಿನೆಟ್‌ನಲ್ಲಿ ಮುಂದಿನ ಗಾಜು ನೋಡಬೇಡಿ, ಗಾಳಿ ಹೋಗೋಕೆ ಜಾಲರಿ ಇದೆಯಾ ನೋಡಿ. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಉಳಿಯುತ್ತೆ ಅಣ್ಣ" ಅಂತ ಯಾರಾದರೂ ಅಂದರೆ, ಅದರ ಜೊತೆ ಮೂರು ವರ್ಷದ ವಾರಂಟಿಯೂ ಹೋಗುತ್ತೆ ಅನ್ನೋದು ನೆನಪಿರಲಿ. ಬಿಲ್‌ನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಜೋಡಿಸಿದ ಮೇಲೆ ಮೂರು ಕೆಲಸ ಮರೆಯಬೇಡಿ, ಮೂರಕ್ಕೂ ಖರ್ಚಿಲ್ಲ. ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡ್‌ಗಲ್ಲ, ಗ್ರಾಫಿಕ್ಸ್ ಕಾರ್ಡ್‌ಗೆ ಚುಚ್ಚಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮ್ ಅದಕ್ಕಿಂತ ನಿಧಾನವಾಗೇ ಓಡ್ತಿರುತ್ತೆ. ಮಾನಿಟರ್ 75 ಅಥವಾ 144 ಹರ್ಟ್ಸ್‌ನದ್ದಾದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಅಷ್ಟಕ್ಕೆ ಬದಲಿಸಿ. ವರ್ಷಗಟ್ಟಲೆ 60ರಲ್ಲೇ ಆಡಿದವರನ್ನು ನೋಡಿದ್ದೇನೆ.

ನಮ್ಮದು ಫೆಬ್ರವರಿಯ ಒಂದು ಭಾನುವಾರ ಅಕ್ಕನ ಮನೆಯ ಪಡಸಾಲೆಯಲ್ಲಿ, ಚಾಪೆ ಮೇಲೆ ಜೋಡಣೆಯಾಯಿತು. ಮೊದಲ ಸಲ ಆನ್ ಮಾಡಿದಾಗ ಏನೂ ಬರಲಿಲ್ಲ. ನೋಡಿದರೆ ಕೇಬಲ್ ಮದರ್‌ಬೋರ್ಡ್‌ಗೇ ಚುಚ್ಚಿದ್ದ. ಹಳೇ ಐ7 ಪೆಟ್ಟಿಗೆಯನ್ನು ಗುಜರಿಗೆ ಹಾಕಲಿಲ್ಲ. ಅದರ ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ ಹಾಕಿ ಹಾಲ್‌ನ ಟಿವಿಗೆ ಜೋಡಿಸಿದ್ದೇವೆ. ಒಂಬತ್ತನೇ ಕ್ಲಾಸಿನ ತಂಗಿ ಅದರಲ್ಲಿ ಕನ್ನಡ ಟೈಪಿಂಗ್ ಕಲೀತಿದ್ದಾಳೆ, ಭಾವ ಪಹಣಿ ನೋಡ್ತಾರೆ. ಆ ಕೆಲಸಕ್ಕೆ ಅದು ಈಗಲೂ ಒಳ್ಳೆ ಯಂತ್ರ.